ಹೂವಪ್ಪಣ್ಣನ ಹನ್ನೊಂದು ನೊಣಗಳು

ನೊಣದ ವಯಸ್ಸನ್ನು ಹೂವಪ್ಪಣ್ಣ ಒಂದು ಕುಟ್ಟಿನಲ್ಲಿ ಹೇಳುತ್ತಿದ್ದರು. ಗಾಜಿನ ನಳಿಗೆಯನ್ನು ಮೇಜಿಗೆ ಕುಟ್ಟಿದರೆ ಒಳಗಿನ ನೊಣಗಳೆಲ್ಲ ತಳಕ್ಕೆ ಬೀಳುತ್ತವೆ. ಪ್ರಾಯದವು ಸರಸರ ಮೇಲೇರುತ್ತವೆ, ಮುದಿಯಾದವು ಅರ್ಧಕ್ಕೇ ನಿಲ್ಲುತ್ತವೆ. "ನೋಡಿ ಮೇಡಮ್, ಇವ್ರಿಗೆ ಮಂಡಿನೋವು ಶುರುವಾಯ್ತು" ಎನ್ನುತ್ತಿದ್ದರು.

ಸಾಗರದ ನಮ್ಮ ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗಕ್ಕೆ ಅವರು ಅಟೆಂಡರ್, ನಾನು ಅತಿಥಿ ಉಪನ್ಯಾಸಕಿ. ಇಕ್ಕೇರಿ ಕಡೆಯಿಂದ ಸೈಕಲ್ಲಿನಲ್ಲಿ ಬರುತ್ತಿದ್ದರು, ಭಾನುವಾರವೂ. ಬಾಳೆಹಣ್ಣಿಗೆ ಮುತ್ತುವ ಸಣ್ಣ ನೊಣಗಳ ಎರಡು ತಳಿ ನಮ್ಮಲ್ಲಿದ್ದವು. ಒಂದು ಮಾಮೂಲಿ, ಇನ್ನೊಂದರಲ್ಲಿ ಒಂದೇ ಒಂದು ಜೀನ್ ಕೆಟ್ಟಿತ್ತು. ಕೆಟ್ಟ ತಳಿಯೇ ಹೆಚ್ಚು ದಿನ ಬದುಕುತ್ತಿತ್ತು. ಯಾವ ನೊಣ ಎಷ್ಟು ದಿನ ಬದುಕಿತೆಂದು ನೊಣಕ್ಕೊಂದು ಸಾಲಿನಂತೆ ನಾನು ಪುಸ್ತಕದಲ್ಲಿ ಬರೆದಿಡುತ್ತಿದ್ದೆ.

"ಹಾಳಾದ್ರೆ ಆಯಸ್ಸು ಜಾಸ್ತಿ ಅಂದ್ರೆ, ಸರಿ ಇದ್ದಾಗ ಅದು ಎಂತ ಮಾಡ್ತಿತ್ತು ಮೇಡಮ್?"

"ಊಟ ಸಿಕ್ಕಿದೆ, ಬೆಳಿ, ಮೊಟ್ಟೆ ಇಡು ಅಂತ ಮೈಗೆ ಹೇಳುತ್ತೆ ಹೂವಪ್ಪಣ್ಣ. ಆ ಒತ್ತಾಯ ಕಮ್ಮಿಯಾದ್ರೆ ಮೈ ರಿಪೇರಿ ಕಡೆ ಗಮನ ಕೊಡುತ್ತೆ."

"ಹಂಗಾದ್ರೆ ಇವು ಕುಳ್ಳ ಇರೋದು ಅದಕ್ಕೇಯಾ?"

ಆ ತಳಿ ಗಾತ್ರದಲ್ಲಿ ಚಿಕ್ಕದೆಂದು ನಾನು ಅವರಿಗೆ ಹೇಳಿಯೇ ಇರಲಿಲ್ಲ.

ಮಾಮೂಲಿ ತಳಿಯ ಕೊನೆಯ ನೊಣ ಸತ್ತ ಮೇಲೂ ಕುಳ್ಳರು ಹನ್ನೊಂದು ಮಂದಿ ಉಳಿದಿದ್ದರು. ಅವು ಎಷ್ಟು ದಿನ ಎಳೆಯುತ್ತವೆಂದು ನೋಡಲೇಬೇಕೆಂದು ಹೂವಪ್ಪಣ್ಣ ತೀರ್ಥಹಳ್ಳಿಯ ಮಗಳ ಮನೆಗೆ ಹೋಗುವುದನ್ನೂ ಮುಂದೂಡಿದರು.

ಆ ಬೆಳಿಗ್ಗೆ ತಪ್ಪು ನನ್ನದು. ನೊಣಗಳಿಗೆ ಮಂಪರು ಬರಿಸುವ ಈಥರ್ ಬಾಟಲಿಯ ಮುಚ್ಚಳ ತೆಗೆದಿಟ್ಟದ್ದನ್ನು ಮರೆತು, ಅವುಗಳ ರವೆ-ಬೆಲ್ಲದ ಗಂಜಿ ಕಾಯಿಸಲು ಹತ್ತು ಗಂಟೆಗೆ ಅದೇ ಮೇಜಿನ ತುದಿಯಲ್ಲಿ ಸ್ಟವ್ ಹಚ್ಚಿದೆ. ಈಥರ್‌ನ ಆವಿಗೆ ಹೊತ್ತಿದ ಬೆಂಕಿ ನೀಲಿಯಾಗಿ ಮೇಜಿನುದ್ದಕ್ಕೂ ಹರಿಯಿತು. ನಾನು ನಿಂತೇ ಇದ್ದೆ. ಈಗಲೂ ಮನೆಯಲ್ಲಿ ಗ್ಯಾಸ್ ಹಚ್ಚಿದರೆ ಆ ನೀಲಿ ನನ್ನ ಕಡೆಗೆ ಬರುತ್ತದೆ.

"ಎಂತ ನೋಡ್ತಾ ನಿಂತ್ರಿ!" ಹೂವಪ್ಪಣ್ಣ ನನ್ನ ತೋಳು ಹಿಡಿದೆಳೆದು ಹೊರಗೆ ದೂಡಿದರು. ಆಮೇಲೆ ಮರಳಿನ ಬಕೆಟ್ ಸುರಿದು, ಬರಿಗೈಯನ್ನೇ ಕಾದ ನಳಿಗೆಗಳಿಗೆ ಹಾಕಿದರು. ಅಷ್ಟರಲ್ಲಿ ಒಂದು ನೊಣವೂ ಉಳಿದಿರಲಿಲ್ಲ.

ತಿಂಗಳ ನಂತರ ತೀರ್ಥಹಳ್ಳಿಯಲ್ಲಿ, ಮಗಳ ಮನೆಯಲ್ಲಿ ಅವರನ್ನು ಕಂಡೆ. ಅಂಗೈಗೆ ಹೊಸ ಚರ್ಮ ಬರುತ್ತಿತ್ತು. ಕ್ಷಮೆ ಕೇಳಲು ಬಾಯಿ ತೆರೆಯುವಷ್ಟರಲ್ಲಿ ಅವರೇ ಕೇಳಿದರು:

"ಹನ್ನೊಂದನ್ನ ಪುಸ್ತಕದಲ್ಲಿ ಎಂತ ಅಂತ ಬರೆದ್ರಿ?"

"ಸತ್ತವು ಅಂತ."

"ಅದು ತಪ್ಪು ಮೇಡಮ್. ವಯಸ್ಸಾಗಿ ಸತ್ತದ್ದು ಬೇರೆ, ನಾವು ಕೊಂದದ್ದು ಬೇರೆ. ಅವು ಇನ್ನೆಷ್ಟು ದಿನ ಇರ್ತಿದ್ವೋ, ನಿಮಗೆ ಗೊತ್ತಾ?"

'ನಾವು' ಎಂದರು, 'ನೀವು' ಎನ್ನಲಿಲ್ಲ.

ಅದೇ ಕೊನೆಯ ಭೇಟಿ. ಹೃದಯಾಘಾತವಾಗಿ ಹೋದರೆಂದು ಮಗಳು ಫೋನ್ ಮಾಡಿದ ದಿನ ನಾನು ಆ ಪುಸ್ತಕ ತೆರೆದೆ. ಹನ್ನೊಂದು ಸಾಲುಗಳಲ್ಲೂ 'ಸತ್ತಿದೆ' ಎಂಬುದನ್ನು ಹೊಡೆದುಹಾಕಿ, ಒಂದೊಂದರ ಮುಂದೆಯೂ ಬರೆದೆ: 'ಬೆಳಿಗ್ಗೆ ಹತ್ತರವರೆಗೆ ಬದುಕಿತ್ತು.'