ನಾಯಿಗೆ ಅಣಬೆ, ಅತ್ತೆಗೆ ಒಪ್ಪತ್ತು

ಮೂಡಲಗಿಯ ನಮ್ಮ ಮನೆಯಲ್ಲಿ ಧರ್ಮವನ್ನು ಸರಿಯಾಗಿ ಪಾಲಿಸುತ್ತಿದ್ದವರು ಇಬ್ಬರೇ: ನನ್ನ ಅತ್ತೆ ಮತ್ತು ಅವರ ನಾಯಿ. ಜೈನರ ಮನೆಯೆಂದ ಮೇಲೆ ಹೊತ್ತು ಮುಳುಗುವ ಮೊದಲೇ ಊಟ ಮುಗಿಯಬೇಕು. ಉಳ್ಳಾಗಡ್ಡಿ, ಬೆಳ್ಳುಳ್ಳಿ, ಆಲೂಗಡ್ಡೆ ಹೊಸ್ತಿಲು ದಾಟಬಾರದು. ನನ್ನ ಗಂಡ ಮತ್ತು ಮೈದುನ ಗೋಕಾಕಕ್ಕೆ ಹೋದಾಗಲೆಲ್ಲ ಬಸ್‌ ಸ್ಟ್ಯಾಂಡಿನ ಬಾಜೂ ನಿಂತು ಉಳ್ಳಾಗಡ್ಡಿ ಭಜಿ ಹೊಡೆದು, ಬಾಯಿಗೆ ಏಲಕ್ಕಿ ಹಾಕಿಕೊಂಡು, ಏನೂ ಅರಿಯದವರಂತೆ ಮನೆಗೆ ಬರುತ್ತಿದ್ದರು. ನಾಯಿ ಹಾಗಲ್ಲ. ದೀಪ ಹಚ್ಚಿದ ಮೇಲೆ ಯಾರು ಏನು ಕೊಟ್ಟರೂ ಮುಖ ತಿರುಗಿಸುತ್ತಿತ್ತು. ಮೇಲವಂಕಿಯ ಕುರಿಗಾರರ ಹಟ್ಟಿಯಿಂದ ಬಂದ ಮರಿ ಅದು. ಅದರ ಹೆತ್ತವ್ವ ಏನೇನು ತಿಂದು ಬೆಳೆದಿದ್ದಳೋ, ಆ ಸುದ್ದಿ ನಮಗೆ ಬೇಡ. ಮಗ ಮಾತ್ರ ಹಾಲು-ಚಪಾತಿಯ ಶ್ರಾವಕನಾಗಿದ್ದ.

ದಿನಾ ಬೆಳಿಗ್ಗೆ ಅತ್ತೆ ಬಸದಿಗೆ ಹೊರಟರೆ ಅದೂ ಹಿಂದೆಯೇ ಹೊರಡುತ್ತಿತ್ತು. ಗೇಟಿನ ಹೊರಗೆ ಕೂತಿದ್ದು, ಅವರ ಜೊತೆಗೇ ತಿರುಗಿ ಬರುತ್ತಿತ್ತು. ಮಾವ ತೀರಿಕೊಂಡ ಮೇಲೆ ಅತ್ತೆ ಮನೆಯಿಂದ ಹೊರಗೆ ಕಾಲಿಡುತ್ತಿದ್ದುದು ಇದೊಂದು ನಡಿಗೆಗೆ ಮಾತ್ರ. ಹೀಗಿರುವಾಗ ನಾಯಿಗೆ ವಯಸ್ಸಾಗಿ ಹಿಂಗಾಲುಗಳು ಸೋತವು. ದನದ ಡಾಕ್ಟರು ಬಂದು ಸೂಜಿ ಚುಚ್ಚಿ, ವಯಸ್ಸಿಗೆ ಔಷಧವಿಲ್ಲ ಎಂದು ಹೇಳಿ, ಚಹಾ ಕುಡಿದು ಹೋದರು. ಮರುದಿನದಿಂದ ಅತ್ತೆ ಬಸದಿ ಬಿಟ್ಟರು. ಬಾಗಿಲಲ್ಲಿ ಬಿದ್ದು ತನ್ನ ಮುಖವನ್ನೇ ನೋಡುವ ಜೀವವನ್ನು ದಾಟಿಕೊಂಡು ಹೇಗೆ ಹೋಗುವುದು ಎಂಬುದು ಅವರ ಪ್ರಶ್ನೆ. ನನಗೆ ಹೆದರಿಕೆಯಾಗಿದ್ದು ಆಗಲೇ. ಬೈಯುವ ಅತ್ತೆಯನ್ನು ಸಹಿಸಿಕೊಳ್ಳಬಹುದು. ಸುಮ್ಮನೆ ಕೂತ ಅತ್ತೆಯನ್ನು ನೋಡಲಾಗುವುದಿಲ್ಲ.

ಎರಡು ಸಾವಿರದ ಇಸವಿಯ ಆಚೀಚೆಯ ಮಾತಿದು. ಒಬ್ಬರ ಕೆಳಗೆ ಇನ್ನೊಬ್ಬರನ್ನು ಸೇರಿಸುತ್ತ ಹೋಗುವ ಸರಪಳಿ ವ್ಯಾಪಾರ ನಮ್ಮ ಕಡೆ ಭರದಲ್ಲಿತ್ತು. ಮೈದುನ ಗೋಕಾಕದಲ್ಲಿ ಅಂಥದೊಂದು ಸಭೆ ಮುಗಿಸಿ, ಜನ್ಮದಲ್ಲಿ ಮೊದಲ ಸಲ ಟೈ ಕಟ್ಟಿಕೊಂಡು, ಕೈಯಲ್ಲೊಂದು ಡಬ್ಬಿ ಹಿಡಿದು ಬಂದ. ಅದರೊಳಗಿನ ಗುಳಿಗೆ ಸಕ್ಕರೆ ಕಾಯಿಲೆಗೆ, ಮಂಡಿ ನೋವಿಗೆ, ಉದುರುವ ಕೂದಲಿಗೆ ಆಗುತ್ತದಂತೆ. ಇಷ್ಟು ಸಾಲದೆಂಬಂತೆ ನಾಯಿ-ಬೆಕ್ಕುಗಳಿಗೂ ಆಗುತ್ತದಂತೆ. ಪರದೇಶದ ಮುದಿ ನಾಯಿಗಳು ಇದನ್ನು ತಿಂದೇ ಓಡಾಡುತ್ತಿವೆಯಂತೆ. ಹೇಳುತ್ತಿದ್ದವನ ಕೂದಲು ಮಾತ್ರ ಸಭೆಗೆ ಹೋಗಿ ಬಂದ ಮೇಲೂ ಉದುರುತ್ತಲೇ ಇತ್ತು. ಡಬ್ಬಿಯ ಮೇಲೊಂದು ಕೆಂಪು ಅಣಬೆಯ ಚಿತ್ರವಿತ್ತು. ಸರಿಯಾಗಿ ಅದರ ಮೇಲೆಯೇ ಹೆಬ್ಬೆರಳಿಟ್ಟು ಹಿಡಿದಿದ್ದ.

ಯಾವುದರಿಂದ ಆದದ್ದೆಂದು ಕೇಳದೆ ಅತ್ತೆ ಏನನ್ನೂ ಮನೆಯೊಳಗೆ ಬಿಟ್ಟುಕೊಳ್ಳುವವರಲ್ಲ. ಗಿಡಮೂಲಿಕೆ ಎಂದ. ಬೇರಿನದಾದರೆ ನಮಗೆ ನಡೆಯುವುದಿಲ್ಲ ಎಂದರು. ಬೇರಲ್ಲ ಎಂದ. ಎಲೆಯೇ? ಅಲ್ಲ. ಹೂವೇ? ಅಲ್ಲ. ಕಾಯಿಯೇ, ತೊಗಟೆಯೇ? ಅವೂ ಅಲ್ಲ. ಹಾಗಾದರೆ ಗಿಡದಲ್ಲಿ ಇನ್ನೇನು ಉಳಿಯಿತು ಎಂದು ಅತ್ತೆ ಕೇಳಿದಾಗ, ಟೈ ಸಡಿಲಿಸಿಕೊಂಡು, ಸಣ್ಣ ದನಿಯಲ್ಲಿ ಅಣಬೆ ಎಂದ.

ಅಣಬೆ ನಮ್ಮಲ್ಲಿ ಗಡ್ಡೆ-ಗೆಣಸಿಗಿಂತ ದೊಡ್ಡ ನಿಷೇಧ. ಅದರಲ್ಲಿ ಲೆಕ್ಕವಿಲ್ಲದಷ್ಟು ಜೀವಗಳಿರುತ್ತವೆಂಬ ನಂಬಿಕೆ.

"ಒಂದ ಜೀವ ಎಬ್ಬಸಾಕ ಎಷ್ಟ ಜೀವ ತಿನ್ನಸ್ತಿ?" ಎಂದರು ಅತ್ತೆ.

ಒಣಗಿಸಿ ಪುಡಿ ಮಾಡಿದ ಮೇಲೆ ಅದರಲ್ಲಿ ಯಾವ ಜೀವವೂ ಉಳಿದಿರುವುದಿಲ್ಲ ಎಂದು ಇವನು ವಾದ ಹೂಡಿದ. ಪಿಯುಸಿಯಲ್ಲಿ ವಿಜ್ಞಾನ ಓದಿದ್ದ ನನಗೆ ಪುಡಿ ತುಂಬಿದ ಆ ಕ್ಯಾಪ್ಸೂಲ್ ಗುಳಿಗೆಯ ಮೇಲಿನ ತೆಳು ಸಿಪ್ಪೆ ಸಾಮಾನ್ಯವಾಗಿ ದನದ ಎಲುಬು-ಚರ್ಮದಿಂದ ಆಗುತ್ತದೆಂಬುದೂ ಗೊತ್ತಿತ್ತು. ಒಂದು ಜಗಳಕ್ಕೆ ಒಂದು ಅಣಬೆ ಸಾಕೆಂದು ಬಾಯಿ ಬಿಡಲಿಲ್ಲ. ಸಿಪ್ಪೆ ಎಸೆದು ಪುಡಿಯನ್ನಷ್ಟೇ ಹಾಲಿಗೆ ಹಾಕಿದರಾಯಿತು ಎಂದೆ.

ಅತ್ತೆ ಆ ಸಂಜೆಯೆಲ್ಲ ನಾಯಿಯ ಬೆನ್ನು ಸವರುತ್ತ ಕೂತಿದ್ದರು. ಮರುದಿನ ಬೆಳಿಗ್ಗೆ ಪುಡಿ ಕೊಡಲು ಒಪ್ಪಿದರು. ಆದರೆ ಅದು ಪುಡಿ ತಿನ್ನುವಷ್ಟು ದಿನವೂ ತಾವು ಒಪ್ಪತ್ತು ಉಣ್ಣುವುದೆಂದು ನೇಮ ಹಿಡಿದರು.

"ಅದಕ್ಕ ತಿಳಿಯೂದಿಲ್ಲ, ಪಾಪ ಹತ್ತೂದಿಲ್ಲ. ಕೊಡಾಕಿ ನಾನು. ಹತ್ತಿದ್ರ ನನಗ ಹತ್ತಲಿ."

ನಾನು ಒಳಗೆ ಹೋಗಿ, ನಾದಿಟ್ಟ ಹಿಟ್ಟನ್ನೇ ಮತ್ತೊಮ್ಮೆ ನಾದಿದೆ. ಅಳುವೂ ಬಂದಿತ್ತು, ಸಿಟ್ಟೂ ಬಂದಿತ್ತು.

ಮೈದುನ ಇದನ್ನು ಕನಸಿನಲ್ಲೂ ಎಣಿಸಿರಲಿಲ್ಲ. ಗಿರಾಕಿಯ ಯಾವ ಪ್ರಶ್ನೆಗೆ ಏನು ಉತ್ತರ ಎಂದು ಸಭೆಯಲ್ಲಿ ಕಲಿಸಿದ್ದರು. ಗಿರಾಕಿ ಉಪವಾಸ ಕೂತರೆ ಏನು ಮಾಡಬೇಕೆಂದು ಕಲಿಸಿರಲಿಲ್ಲ. ನಾಯಿ ದಿನಾ ಹಾಲು ಕುಡಿದು ದುಂಡಗಾಯಿತು, ಏಳಲಿಲ್ಲ. ಅತ್ತೆ ಇಳಿಯುತ್ತ ಹೋದರು, ಕುಪ್ಪಸ ಸಡಿಲವಾಯಿತು. ಸಂಜೆ ನಾವು ಉಣ್ಣುವ ಹೊತ್ತಿಗೆ ಅವರು ಜಪಮಾಲೆ ಹಿಡಿದು ನಾಯಿಯ ಬಾಜೂ ಕೂರುತ್ತಿದ್ದರು. ನಾವು ಅರ್ಧ ಉಂಡು ಕೈ ತೊಳೆಯುತ್ತಿದ್ದೆವು. ಪುಡಿ ನಿಲ್ಲಿಸಿಬಿಡೋಣ ಎಂದು ಮೈದುನ ಗೋಗರೆದರೆ, ಅರ್ಧಕ್ಕೆ ಬಿಟ್ಟರೆ ಇಷ್ಟು ದಿನದ ಪಾಪವೂ ದಂಡ ಎಂದು ಅತ್ತೆ. ಈ ನಡುವೆ ಯಮಕನಮರಡಿಯ ನನ್ನ ತವರಿನವರು ಸುದ್ದಿ ಕೇಳಿ, ತಮ್ಮ ಎಮ್ಮೆಗೂ ಒಂದು ಡಬ್ಬಿ ಬೇಕೆಂದು ಹೇಳಿ ಕಳಿಸಿದರು. ಅವರಿಗೆ ನಾನು ಕೊಟ್ಟ ಉತ್ತರ ಇಲ್ಲಿ ಬರೆಯುವಂಥದಲ್ಲ.

ಒಂದು ಬೆಳಿಗ್ಗೆ ಮೈದುನ ಅಂಗಳದಿಂದ ಅವ್ವನನ್ನು ಕೂಗಿದ. ಹೊರಗೆ ಬಂದು ನೋಡಿದರೆ ನಾಯಿ ನಾಲ್ಕೂ ಕಾಲ ಮೇಲೆ ನಡೆಯುತ್ತಿದೆ! ಪಕ್ಕದಲ್ಲಿ ಇವನು ಸೊಂಟ ಬಗ್ಗಿಸಿಕೊಂಡು ನಡೆಯುತ್ತಿದ್ದಾನೆ. ಅದರ ಹೊಟ್ಟೆಯಡಿ ಟವೆಲ್ ತೂರಿಸಿ, ಎರಡೂ ತುದಿ ಹಿಡಿದು ಮೇಲೆತ್ತಿ, ಕಾಣದಿರಲೆಂದು ಶಾಲು ಇಳಿಬಿಟ್ಟಿದ್ದ. ಗುಣವಾಯಿತು, ಇನ್ನು ಪುಡಿ ಬೇಡ, ಇವತ್ತಿನಿಂದ ಎರಡು ಹೊತ್ತು ಉಣ್ಣು ಎಂದು ಒಂದೇ ಉಸಿರಿಗೆ ಹೇಳಿದ. ಅವನ ಮೂಗಿನ ತುದಿಯ ಬೆವರು ನಾಯಿಯ ಬೆನ್ನ ಮೇಲೆ ತೊಟ್ಟಿಕ್ಕುತ್ತಿತ್ತು.

"ತಮ್ಮಾ, ಟವೆಲ್ ಬಿಡು," ಎಂದರು ಅತ್ತೆ.

ಬಿಟ್ಟ. ನಾಯಿ ಕೂತಿತು. ಇವನೂ ಅದರ ಪಕ್ಕ ಕೂತುಬಿಟ್ಟ. ವ್ಯಾಪಾರ ಹಾಳಾಗಿ ಹೋಗಲಿ, ಅವ್ವ ಸಂಜೆಗೆ ಉಂಡರೆ ತನಗಷ್ಟೇ ಸಾಕು ಎಂದು ನೆಲ ನೋಡುತ್ತ ಹೇಳಿದ. ಅಷ್ಟು ತಿಂಗಳಲ್ಲಿ ಜಾಹೀರಾತಿನ ವಾಸನೆಯಿಲ್ಲದೆ ಅವನ ಬಾಯಿಂದ ಬಂದ ಮೊದಲ ಮಾತು ಅದು. ಅತ್ತೆ ಇಬ್ಬರನ್ನೂ ನೋಡುತ್ತ ನಿಂತಿದ್ದರು.

"ಅದಕ್ಕ ಪುಡಿ ಬ್ಯಾಡ, ನಿನಗ ಸುಳ್ಳ ಬ್ಯಾಡ. ಟವೆಲ್ ಹಿಡಿ, ಬಸ್ತಿಗೆ ಹೊತ್ತಾತು."

ಬಿಸಿಲೇರುವ ತನಕ ಹಾಸಿಗೆ ಬಿಡದಿದ್ದ ಮೈದುನ ಅವತ್ತಿನಿಂದ ದಿನಾ ಸ್ನಾನ ಮಾಡಿ, ನಾಯಿಯ ಹಿಂಭಾಗ ಟವೆಲ್ಲಿನಲ್ಲಿ ಎತ್ತಿ ಹಿಡಿದು, ಅವ್ವನ ಹಿಂದೆ ಬಸದಿಯ ಗೇಟಿನವರೆಗೆ ನಡೆದ. ಅಂಗಡಿಯವರು ಔಷಧ ಭಾರೀ ಹತ್ತಿದಂತಿದೆಯಲ್ಲ ಎಂದು ಕಾಲೆಳೆಯುತ್ತಿದ್ದರು. ಉಳಿದ ಡಬ್ಬಿಗಳು ಟೈ ಸಮೇತ ಅಟ್ಟ ಸೇರಿದವು. ಅತ್ತೆ ಸಂಜೆ ಉಣ್ಣತೊಡಗಿದರು, ಸಾರಿಗೆ ಉಪ್ಪು ಹೆಚ್ಚಾಯಿತೆಂದು ನನ್ನನ್ನು ಬೈಯತೊಡಗಿದರು. ನನಗೆ ಹೋದ ಜೀವ ಬಂದಂತಾಯಿತು.

ಆ ಚಳಿಗಾಲ ನಾಯಿ ಸತ್ತಿತು. ಹೊಲದ ಬದುವಿನಲ್ಲಿ ಮಣ್ಣು ಮಾಡಿ ಬಂದೆವು. ಮರುದಿನ ಬೆಳಿಗ್ಗೆ ಮೈದುನ ಎಂದಿನಂತೆ ಸ್ನಾನ ಮಾಡಿ, ಟವೆಲ್ ಹಿಡಿದು ಬಾಗಿಲಿಗೆ ಬಂದ. ಬಂದ ಮೇಲೆ ನೆನಪಾಗಿ ಅಲ್ಲೇ ನಿಂತುಬಿಟ್ಟ. ಅತ್ತೆ ಅವನ ಕೈಯಿಂದ ಟವೆಲ್ ತೆಗೆದು ಗೂಟಕ್ಕೆ ಹಾಕಿ, ತಮ್ಮ ಕೈ ಚಾಚಿದರು.

"ನನ್ನ ಹಿಡಕೋ. ನನ್ನ ಕಾಲೂ ಈಗ ಅಷ್ಟಕ್ಕಷ್ಟ ಆಗ್ಯಾವ."

ಅವರ ಕಾಲಿಗೆ ಏನೂ ಆಗಿರಲಿಲ್ಲ. ಅತ್ತೆ ಸುಳ್ಳು ಹೇಳಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.