ಎರಡನೇ ಕಂಬದ ಆಚೆ

ಹುಮನಾಬಾದ್ ದಾಟಿ ಬಸವಕಲ್ಯಾಣದ ಕಡೆ ಹೊರಟರೆ ರಸ್ತೆಯ ಎಡಕ್ಕೆ ಗೋವರ್ಧನನ ತಗಡಿನ ಶೆಡ್ಡು. ಬೋರ್ಡು ಗೀರ್ಡು ಏನೂ ಇಲ್ಲ. ಟ್ರಾಲಿ ಮುರಿದುಕೊಂಡವರಿಗೆ ಅದು ತಾನಾಗಿ ಕಣ್ಣಿಗೆ ಬೀಳುತ್ತದೆ, ಉಳಿದವರಿಗೆ ಅದರ ಗೊಡವೆ ಯಾಕೆ? ಘಾಟಬೋರಾಳದಲ್ಲಿ ಅವನಪ್ಪ ಎತ್ತಿನ ಗಾಡಿ ಹೊಡೆಯುತ್ತಿದ್ದ. ಮಗ ವೆಲ್ಡಿಂಗ್ ಕಲಿತು ಟ್ರ್ಯಾಕ್ಟರುಗಳಿಗೆ ಟ್ರಾಲಿ ಕಟ್ಟತೊಡಗಿದ. ಕೈ ಕಬ್ಬಿಣಕ್ಕೆ ಒಗ್ಗಿತು, ತಲೆ ಮಾತ್ರ ಗಾಡಿಯವನದೇ ಉಳಿಯಿತು. ಎತ್ತಿನ ಕೊರಳ ಮೇಲೆ ಭಾರ ಬೀಳಬಾರದು, ಮೂಕಪ್ರಾಣಿಗೆ ಬಾಯಿಲ್ಲ, ಹೇರುವವನೇ ತಿಳಿದು ಹೇರಬೇಕು ಎಂದು ಅಪ್ಪ ಹೇಳಿಕೊಟ್ಟಿದ್ದ. ಹಾಗಾಗಿ ಗೋವರ್ಧನ ಕಟ್ಟಿದ ಟ್ರಾಲಿಯ ಕೊಂಡಿ, ಅಂದರೆ ಟ್ರ್ಯಾಕ್ಟರಿಗೆ ಸಿಕ್ಕಿಸುವ ಮುಂದಿನ ತುದಿ, ಯಾವಾಗಲೂ ಹಗುರ. ಒಂದೇ ಕೈಯಲ್ಲಿ ಎತ್ತಿ ತೋರಿಸಿ ಮೀಸೆಯಲ್ಲೇ ನಗುತ್ತಿದ್ದ.

ಅದನ್ನು ತಿದ್ದುತ್ತಿದ್ದವಳು ಹೆಂಡತಿ ಸೋನುಬಾಯಿ. ಟ್ರಾಲಿ ತಯಾರಾದ ದಿನ ಅವನು ಟ್ರ್ಯಾಕ್ಟರ್ ಹತ್ತುವನು, ಅವಳು ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಹಿಂದೆ ನಿಲ್ಲುವಳು. ಅವನು ಬ್ರೇಕ್ ಒತ್ತಿದಾಗ ಹಿಂದಿನ ದೀಪ ಹೊತ್ತಿದರೆ "ಹತ್ತ್ಯದ!" ಎಂದು ಕೂಗುವಳು, ಬಿಟ್ಟಾಗ ಆರಿದರೆ "ಆರ್ಯದ!" ಎನ್ನುವಳು. ಆಮೇಲೆ ಅವನು ರಸ್ತೆಯ ತಿರುವಿನ ತನಕ ಹೊಡೆದುಕೊಂಡು ಹೋಗಿ ಬರಬೇಕು. ಶೆಡ್ಡಿನಿಂದ ಎರಡನೇ ಕರೆಂಟು ಕಂಬ ದಾಟುವುದರೊಳಗೆ ಟ್ರಾಲಿ ನೆಟ್ಟಗೆ ಹೋಗುತ್ತದೋ ಇಲ್ಲವೋ ಅವಳಿಗೆ ತಿಳಿದುಬಿಡುತ್ತಿತ್ತು. "ಬಾಲಾ ಅಲ್ಲಾಡಸಾಕತ್ತದ್ರಿ, ಮುಂದ ಒಂಚೂರು ಭಾರ ಕೊಡ್ರಿ" ಎಂದರೆ ಗೊಣಗುತ್ತ ಸರಿಪಡಿಸುತ್ತಿದ್ದ. ಅಪ್ಪನ ಮಾತು ಕೇಳಿ ಹಗುರ ಮಾಡುವುದು, ಹೆಂಡತಿಯ ಮಾತು ಕೇಳಿ ಭಾರ ಮಾಡುವುದು. ಯಾಕೆ ಎಂದು ಒಂದು ದಿನವೂ ಕೇಳಲಿಲ್ಲ, ಗಂಡಸು ನೋಡಿ.

ಅವನು ಹೊರಳಿ ಬರುವಾಗ ಅವಳು ಇನ್ನೂ ರಸ್ತೆಯಲ್ಲೇ ಇರುತ್ತಿದ್ದಳು. "ಎರಡನೇ ಕಂಬದ ಮುಂದ ಏನ್ ನೋಡ್ತಿ ನೀ?" ಎಂದು ಕಾಡಿಸಿದರೆ "ಸುಮ್ಮ" ಎಂದು ಒಳಗೆ ಹೋಗುತ್ತಿದ್ದಳು.

ಸೋನುಬಾಯಿ ಜ್ವರದಲ್ಲಿ ತೀರಿಕೊಂಡು ಮೂರು ವರ್ಷವಾಯಿತು. ಮಕ್ಕಳಿಲ್ಲ. ಅವಳು ಹೋದ ಮೇಲೆ ಗೋವರ್ಧನ ಹೊಸ ಟ್ರಾಲಿ ಕಟ್ಟಿಲ್ಲ, ತೂತು ಮುಚ್ಚುವುದು, ಬಾಗಿಲು ಕೂರಿಸುವುದು ಇಷ್ಟೇ. ಹಿಂದಿನ ದೀಪ ನೋಡಬೇಕಾದರೆ ಗಾಡಿಯನ್ನು ಶೆಡ್ಡಿನ ಗೋಡೆಗೆ ಹಿಮ್ಮುಖ ತಂದು, ಬ್ರೇಕ್ ಒತ್ತಿ, ಕನ್ನಡಿಯಲ್ಲಿ ತಗಡು ಕೆಂಪಾಯಿತೇ ಎಂದು ಇಣುಕುತ್ತಾನೆ. ಊಟಕ್ಕೆ ಕುಳಿತಾಗ ಅವಳಿಲ್ಲದ್ದು ಹೇಗೋ ತಡೆದುಕೊಳ್ಳುತ್ತಿದ್ದ. ಬ್ರೇಕಿನ ಮೇಲೆ ಕಾಲಿಟ್ಟಾಗ ಹಿಂದಿನಿಂದ ಯಾವ ಕೂಗೂ ಬಾರದ್ದನ್ನು ಮಾತ್ರ ತಡೆಯಲು ಆಗುತ್ತಿರಲಿಲ್ಲ.

ಇಂಥವನ ಅಂಗಳಕ್ಕೆ ಒಂದು ಮಧ್ಯಾಹ್ನ ದೋಣಿ ಬಂತು. ಬಸವಕಲ್ಯಾಣದ ಅಮೃತ ಎಂಬ ಯುವಕ ಅಲ್ಲಿನ ಕೆರೆಯಲ್ಲಿ ಜನರನ್ನು ಕೂರಿಸಿ ತಿರುಗಿಸಲು ಹಳೆಯ ಫೈಬರ್ ದೋಣಿಯೊಂದನ್ನು ಕೊಂಡಿದ್ದ, ಎಂಜಿನ್ ಸಮೇತ. ಲಾರಿ ಅದನ್ನು ಶೆಡ್ಡಿನ ಮುಂದೆ ಇಳಿಸಿ ಹೋಗಿತ್ತು. ಅಲ್ಲಿಂದ ಜೀಪಿಗೆ ಕಟ್ಟಿ ಎಳೆದೊಯ್ಯಲು ಸಿಕ್ಕ ಟ್ರೇಲರ್ ಮಾತ್ರ ಇದಕ್ಕಿಂತ ಚಿಕ್ಕ ದೋಣಿಯದು. ಜೀಪಿನಲ್ಲಿ ಹೆಂಡತಿ ಪೂನಂ, ಅವಳ ತೊಡೆಯ ಮೇಲೆ ಕೂಸು.

"ಕಾಕಾ, ದೋಣಿ ಇದರ ಮ್ಯಾಲ ಕೂಡೂ ಹಂಗ ಮಾಡಿ ಕೊಡ್ರಿ. ದಾರ್‍ಯಾಗ ಏನೂ ಆಗಬಾರದ ನೋಡ್ರಿ," ಎಂದ ಅಮೃತ.

"ಮಾಡಾಕ ನಾ ಕುಂತೇನಲ್ಲ ತಮ್ಮಾ," ಎಂದ ಗೋವರ್ಧನ.

ಜೀವನದಲ್ಲಿ ಅವನು ದೋಣಿ ಮುಟ್ಟಿದ್ದೇ ಆಗ. ಆದರೂ ಬಹಳ ದಿನಗಳ ಮೇಲೆ ಕೈಗೆ ಪೂರ್ತಿ ಕೆಲಸ ಸಿಕ್ಕಿತ್ತು, ಹುರುಪು ಬಂತು. ದೋಣಿಯ ಹೊಟ್ಟೆ ಕೂರುವ ಎರಡು ಹಲಗೆಗಳನ್ನು ಅಗಲ ಮಾಡಿದ, ಗೀರು ಬೀಳದ ಹಾಗೆ ಹಳೆಯ ಜಮಖಾನ ಸುತ್ತಿದ. ಗಾಲಿಗೆ ಗ್ರೀಸು, ಟೈರಿಗೆ ಗಾಳಿ. ದೋಣಿಯ ಮೂತಿ ಕಟ್ಟುವ, ಟ್ರೇಲರಿನ ಮುಂದಿನ ಕಂಬವನ್ನು ಎಲ್ಲಿ ನಿಲ್ಲಿಸಿದರೆ ಕೊಂಡಿ ಹಗುರಾಗುತ್ತದೆ ಎಂದು ಅಳೆದು ಅಳೆದು ಹಿಂದಕ್ಕೆ ತಂದು ಬಿಗಿದ. ಪಟ್ಟಾ ಹಾಕಿ ಎಳೆದ. ಒಂದೇ ಕೈಯಲ್ಲಿ ಕೊಂಡಿ ಎತ್ತಿದ. ಅಪ್ಪ ಇದ್ದಿದ್ದರೆ ಬೆನ್ನು ತಟ್ಟುತ್ತಿದ್ದ.

ಜೀಪಿಗೆ ಸಿಕ್ಕಿಸಿ ತಾನೇ ತಿರುವಿನ ತನಕ ಮೆಲ್ಲಗೆ ಹೊಡೆದು ತಂದ. ಮುಂದಿನ ಸೀಟಿನಲ್ಲಿ ಕುಳಿತವನಿಗೆ ಎಲ್ಲವೂ ಸರಿಯೇ ಅನ್ನಿಸಿತು. ಹಿಂದೆ ನಿಂತು ನೋಡಮ್ಮಾ ಎಂದು ಪೂನಂಗೆ ಹೇಳಬಹುದಿತ್ತು. ಆದರೆ ಅದು ಸೋನುಬಾಯಿಯ ಜಾಗ.

"ಆಗ್ಯದ, ಒಯ್ರಿ," ಎಂದುಬಿಟ್ಟ.

ಜೀಪು ಹೊರಟಿತು. ಕೈ ಖಾಲಿಯಾದ ಗೋವರ್ಧನ ಸುಮ್ಮನೆ ರಸ್ತೆಗೆ ಬಂದು ನಿಂತ. ಇಷ್ಟು ವರ್ಷಗಳಲ್ಲಿ ತನ್ನ ಕೆಲಸವನ್ನು ಹಿಂದಿನಿಂದ ನೋಡುತ್ತಿರುವುದು ಇದೇ ಮೊದಲು. ಒಂದನೇ ಕಂಬದ ತನಕ ನೆಟ್ಟಗಿತ್ತು. ಅಮೃತ ವೇಗ ಹೆಚ್ಚಿಸಿದ. ಎರಡನೇ ಕಂಬದ ಹತ್ತಿರ ದೋಣಿಯ ಹಿಂಭಾಗ ಎಡಕ್ಕೆ ತೂಗಿತು, ಬಲಕ್ಕೆ ತೂಗಿತು, ಮತ್ತೆ ಎಡಕ್ಕೆ.

ಬಾಲಾ ಅಲ್ಲಾಡಸಾಕತ್ತದ್ರಿ. ಅವಳೇ ಕಿವಿಯಲ್ಲಿ ಹೇಳಿದ ಹಾಗಾಯಿತು. ಜೀಪಿನಲ್ಲಿ ಕೂಸಿದೆ. ಶೆಡ್ಡಿನ ಪಕ್ಕ ನಿಂತಿದ್ದ ತನ್ನ ಬೈಕಿಗೆ ಕಿಕ್ ಹೊಡೆದು, ಹಾರ್ನ್ ಒತ್ತಿಕೊಂಡೇ ಬೆನ್ನು ಹತ್ತಿದ. ಪುಣ್ಯಕ್ಕೆ ಮುಂದೆ ಸ್ಪೀಡ್ ಬ್ರೇಕರ್ ಇತ್ತು. ಜೀಪು ನಿಧಾನವಾಗುತ್ತಲೇ ಅಡ್ಡ ಹೋಗಿ ನಿಂತ.

"ಯಾಕ್ರಿ ಕಾಕಾ, ಏನಾತು?" ಅಮೃತ ಗಾಬರಿಯಾದ. "ಸ್ಟೇರಿಂಗ್ ಒಂಥರಾ ಜಗ್ಗಾಕತ್ತಿತ್ತು. ದೋಣಿ ಎಳಿಯೂದು ನನಗ ಹೊಸಾದು, ಹಂಗ ಇರಬೇಕು ಅಂತ ಸುಮ್ಮಿದ್ದೆ."

"ಹೊಸಾದು ಅಂತ ಅಲ್ಲಪಾ. ನಂದ ತಪ್ಪು. ಹೊರಳಸು, ಮೆಲ್ಲಕ ನಡಿ."

ಶೆಡ್ಡಿಗೆ ಬಂದು ಟ್ರೇಲರಿನ ಮುಂದಿನ ಕಂಬ ಬಿಚ್ಚಿದ. ಈ ಸಲ ಕಾರಣ ಕಣ್ಣೆದುರಿಗೇ ಇತ್ತು. ಎಂಜಿನ್ನಿನ ಭಾರವೆಲ್ಲ ದೋಣಿಯ ಹಿಂದೆ, ಕೊಂಡಿ ಹಗುರ ಮಾಡಲು ಹೋಗಿ ಅವನು ಇನ್ನಷ್ಟು ಭಾರವನ್ನು ಹಿಂದಕ್ಕೇ ತಳ್ಳಿದ್ದ. ಮುಂದೆ ಹಿಡಿತವಿಲ್ಲದ ಮೇಲೆ ಹಿಂದಿನದು ತೂಗದೆ ಏನು ಮಾಡುತ್ತದೆ? ಎತ್ತಿಗೆ ತೋರಿಸಬೇಕಾದ ಕರುಣೆಯನ್ನು ಜೀಪಿಗೆ ತೋರಿಸಿದ್ದ. ಕಂಬವನ್ನು ಮುಂದಕ್ಕೆ ತಂದು, ದೋಣಿಯನ್ನು ಮುಂದೆಳೆದು ಬಿಗಿದ. ಕೊಂಡಿ ಎತ್ತಲು ಈಗ ಎರಡೂ ಕೈ ಬೇಕಾದವು. ಕೊಂಡಿ ಕಳಚಿದರೂ ಟ್ರೇಲರ್ ಬಿಟ್ಟುಹೋಗದ ಹಾಗೆ ಅದರ ಕೆಳಗೆ ಎರಡು ಸರಪಳಿಗಳನ್ನು ಅಡ್ಡಡ್ಡ ಹಾಕಿದ.

"ನಾ ಬ್ರೇಕ್ ಒತ್ತತೀನ್ರಿ. ನೀವ್ ಹಿಂದ ನೋಡ್ರಿ," ಎಂದು ಅಮೃತ ಸೀಟಿಗೆ ಹತ್ತಿದ.

ಗೋವರ್ಧನ ಹಿಂದೆ ಹೋಗಿ ನಿಂತ. ಕೆಂಪು ದೀಪ ಹೊತ್ತಿತು. ಅದನ್ನೇ ನೋಡುತ್ತ ನಿಂತುಬಿಟ್ಟ.

"ಕಾಕಾ, ಹತ್ತ್ಯದೇನ್ರಿ?"

"ಹತ್ತ್ಯದ!" ಎಂದು ಕೂಗಿದ. ಅವಳ ಮಾತು ಅವನ ಬಾಯಲ್ಲಿ ಒರಟಾಗಿ ಕೇಳಿಸಿತು. ದೀಪ ಆರಿತು. "ಆರ್ಯದ!"

ಜೀಪು ಮತ್ತೆ ಹೊರಟಿತು. ಒಂದನೇ ಕಂಬ ದಾಟಿತು, ವೇಗ ಹಿಡಿಯಿತು, ಎರಡನೆಯದೂ ದಾಟಿತು. ದೋಣಿ ಸ್ವಲ್ಪವೂ ಕದಲದೆ ನೆಟ್ಟಗೆ ಹೋಗುತ್ತಿತ್ತು. ನೋಡುವುದು ಅಲ್ಲಿಗೆ ಮುಗಿಯಿತು.

ಆದರೂ ಗೋವರ್ಧನ ನಿಂತೇ ಇದ್ದ. ದೋಣಿ ಸಣ್ಣದಾಗುತ್ತ ತಿರುವಿನ ಹತ್ತಿರ ಹೋಯಿತು. ಕಣ್ಣು ತೆಗೆದರೆ ಹಿಂದಕ್ಕೆ ತಿರುಗಬೇಕು, ತಿರುಗಿದರೆ ಶೆಡ್ಡು, ಶೆಡ್ಡಿನಲ್ಲಿ ಯಾರೂ ಇಲ್ಲ. ಸೋನುಬಾಯಿಯ 'ಸುಮ್ಮ' ಎಂದರೆ ಏನೆಂದು ಅವನಿಗೆ ಈಗ ತಿಳಿಯಿತು. ಅವನು ಟ್ರ್ಯಾಕ್ಟರ್ ಹತ್ತಿ ಹೋದಾಗಲೆಲ್ಲ ಅವಳ ಬೆನ್ನಿಗೂ ಇದೇ ಖಾಲಿ ಶೆಡ್ಡು ಇತ್ತು.

ಜೀಪು ತಿರುವಿನಲ್ಲಿ ಮರೆಯಾಯಿತು. ಅವಳಿಗಾದರೆ ಹೋದ ಗಾಡಿ ಹೊರಳಿ ಬರುತ್ತಿತ್ತು.