ಲಾಂಡ್ರಿಯ ಬೋರ್ಡು ಟಿವಿಯಲ್ಲಿ ಬಂದದ್ದು

ಲಾಂಡ್ರಿಯ ಮೇಲಿನ ಮಹಡಿಗೆ ಪೊಲೀಸರು ನುಗ್ಗಿ ಗಾಂಜಾ ಮೂಟೆಗಳನ್ನು ಹೊತ್ತೊಯ್ದರು. ಅಲ್ಲಿಗೆ ಹೊತ್ತಲ್ಲದ ಹೊತ್ತಿನಲ್ಲಿ ಜನ ಬಂದುಹೋಗುವುದನ್ನು ಕಂಡು ಠಾಣೆಗೆ ಸುಳಿವು ಕೊಟ್ಟವಳೇ ಲಾಂಡ್ರಿಯಮ್ಮ. "ನೀವೇ ಹೇಳಿದ್ದು ಅಂತ ಯಾರಿಗೂ ಗೊತ್ತಾಗ್ಬಾರದಮ್ಮ, ನಿಮಗೇ ಅಪಾಯ," ಎಂದು ಇನ್‌ಸ್ಪೆಕ್ಟರು ಎಚ್ಚರಿಸಿದ್ದರಿಂದ ಅವಳು ಬಾಯಿಗೆ ಬೀಗ ಹಾಕಿಕೊಂಡಿದ್ದಳು.

ಆದರೆ ಟಿವಿಯವರ ಕಣ್ಣಿಗೆ ಮಹಡಿಗೆ ಹತ್ತುವ ಪಕ್ಕದ ಕತ್ತಲ ಮೆಟ್ಟಿಲಿಗಿಂತ ಅವಳ ಅಂಗಡಿಯ ಕೆಂಪು ಬೋರ್ಡೇ ಚೆಂದ ಕಂಡಿತು. ಸಿಕ್ಕಿಬಿದ್ದವರ ಮುಖವನ್ನು ಮಸುಕು ಮಾಡಿ, ಬೋರ್ಡನ್ನು ಮಾತ್ರ ದಿನವಿಡೀ ತೋರಿಸಿದರು.

"ಅತ್ತಿಗೆ, ನಿಜ ಹೇಳಿ, ನಿಮಗೇನೂ ಗೊತ್ತಿರ್ಲಿಲ್ವಾ?" ಎಂದು ನಾದಿನಿ ಫೋನು ಮಾಡಿದಳು. ಹಳೇ ಗಿರಾಕಿಯಾದ ಬ್ಯಾಂಕಿನ ಮ್ಯಾನೇಜರು ಬಂದು, ಒಗೆಯದ ಶರ್ಟುಗಳನ್ನೇ ವಾಪಸ್ ಕೇಳಿದರು.

"ತಪ್ಪು ತಿಳ್ಕೋಬೇಡಿ, ಜನ ಏನೇನೋ ಆಡ್ಕೊಳ್ತಿದಾರೆ."

"ಜನ ಅಂದ್ರೆ ಯಾರು ಸಾರ್? ನೀವೇ ತಾನೆ?" ಎಂದು ಗಂಟನ್ನು ಮುಂದಕ್ಕೆ ತಳ್ಳಿದಳು. ನಿಜ ಹೇಳಿಬಿಡೋಣವೆಂದು ನಾಲಿಗೆ ತುದಿಗೆ ಬಂದದ್ದನ್ನು ನುಂಗಿಕೊಂಡಳು.

ಸಂಜೆ ವರದಿಗಾರನೊಬ್ಬ ಮೈಕು ಹಿಡಿದು ಒಳಗೇ ಬಂದ. "ನಿಮ್ಮ ತಲೆ ಮೇಲೇ ಇಷ್ಟೆಲ್ಲ ನಡೀತಿತ್ತಲ್ಲ ಮೇಡಂ, ಏನನ್ಸುತ್ತೆ?"

"ಮೊದಲು ಆ ಕ್ಯಾಮೆರಾನ ಪಕ್ಕಕ್ಕೆ ತಿರುಗ್ಸಪ್ಪ. ಮೆಟ್ಟಿಲು ಇರೋದು ಆ ಕಡೆ. ನನ್ನ ಬೋರ್ಡು ಏನು ಮಾಡಿತ್ತು ನಿಮಗೆ?" ಎಂದು ಅವಳು ರೇಗಿದಳು.

ಒಂದು ಗಂಟೆಯೊಳಗೆ ಅವಳ ಸಿಟ್ಟಿನ ಮುಖ ಟಿವಿಯಲ್ಲಿತ್ತು. ಕೆಳಗೆ ದಪ್ಪಕ್ಷರದಲ್ಲಿ, "ಪ್ರಶ್ನೆ ಕೇಳಿದ್ದಕ್ಕೆ ಲಾಂಡ್ರಿ ಒಡತಿ ಗರಂ! ಮುಚ್ಚಿಡುತ್ತಿರುವುದೇನು?"

ಅವಳು ಟಿವಿಯ ಪ್ಲಗ್ಗು ಕಿತ್ತು, ಅದೇ ಜಾಗಕ್ಕೆ ಇಸ್ತ್ರಿಪೆಟ್ಟಿಗೆಯದನ್ನು ಸಿಕ್ಕಿಸಿದಳು. ಅವಳನ್ನು ಬಿಟ್ಟುಹೋಗದ ಗಿರಾಕಿಗಳ ಬಟ್ಟೆಗಳು ಇನ್ನೂ ಒಂದು ರಾಶಿ ಉಳಿದಿದ್ದವು.